ಗಂಡಿನ ಜೋಡಿ ಹುಟ್ಟಿದ ಮಣಕ

ಈ ಸಲ ಹೊಲದ ಸುದ್ದಿ ಅಲ್ಲ, ದನದ ಕೊಟಗಿ ಸುದ್ದಿ. ಸ್ವಲ್ಪ ಉದ್ದ ಐತಿ. ಮನ್ಯಾಗ ಆಕಳ ಇದ್ದವರು ಪೂರ್ತಿ ಓದ್ರಿ. ನಾ ಮೂರೂವರಿ ವರ್ಷ ಕಳೆದು ಕಲಿತದ್ದನ್ನ ನೀವು ಹತ್ತು ನಿಮಿಷದಾಗ ಕಲಿಯಬಹುದು.

ಹೋದ ವಾರ ಸವದತ್ತಿ ಕಡೆಯಿಂದ ಇಬ್ಬರು ಬಂದಿದ್ದರು, ನಮ್ಮ ಕಿಲಾರಿ ಮಣಕ ನೋಡಾಕ. ದೇಗಾಂವ್ಯಾಗ ಒಂದ ಚಲೋ ಮಣಕ ಐತಿ ಅಂತ ಯಾರೋ ಹೇಳಿದ್ದರಂತ. ನೋಡಿದ ಕೂಡಲೇ ಹಿರಿಯರ ಮುಖ ಅರಳಿತು. ಅರಳಬೇಕು ಬಿಡ್ರಿ, ಮಣಕ ಹಂಗೇ ಐತಿ. ಬೆಳ್ಳಗ, ಕೋಡು ಹಿಂದಕ್ಕ ಬಾಗಿ ತುದಿ ಮ್ಯಾಲೆದ್ದಾವ, ಕಾಲು ಗಟ್ಟಿ, ಮೈ ಮ್ಯಾಲೆ ಕೈ ಇಟ್ರ ಜಾರತೈತಿ. ಮಗ್ಗುಲು ಸುತ್ತಿ, ಹಲ್ಲು ನೋಡಿ, ಬಾಯಿಬಿಟ್ಟು ನಲವತ್ತು ಸಾವಿರ ಅಂದರು.

"ಗಬ್ಬ ಐತೇನ್ರಿ ಅಣ್ಣಾರ?" ಅಂತ ಕಿರಿಯಾಂವ ಕೇಳಿದ.

ನಾ ಒಂದ ಘಳಿಗಿ ಸುಮ್ಮನ ನಿಂತೆ. ಸುಳ್ಳ ಹೇಳಬಾರದು ಅಂತ ಗೊತ್ತಿತ್ತು. ಆದ್ರ ನಲವತ್ತು ಸಾವಿರ ಅಂದ್ರ ಕಡಿಮಿ ರೊಕ್ಕ ಅಲ್ಲ. ಈ ಸಲ ಸೋಯಾದ ದರಾ ಏನಾತು ಅಂತ ನಿಮಗೂ ಗೊತ್ತೈತಿ. "ಇಲ್ರಿ, ಇನ್ನೂ ಆಗಿಲ್ಲ" ಅಂದಿದ್ದರ ಅದು ಸುಳ್ಳೂ ಆಗತಿರಲಿಲ್ಲ. ಕಿಲಾರಿ ತಡಾ ಮಾಡಿ ಬೆದಿಗಿ ಬರ್ತಾವ ಅನ್ನೂದು ಎಲ್ಲಾರಿಗೂ ಗೊತ್ತಿದ್ದದ್ದ. ಅವರು ದಾವಣಿ ಬಿಚ್ಚಿಕೊಂಡು ಹೋಗತಿದ್ದರು.

ಯಾಕ ಹೇಳಿದೆ, ಏನ ಹೇಳಿದೆ ಅನ್ನೂದಕ್ಕ ಮೊದಲಿಂದ ಬರಬೇಕು.

ನಮ್ಮ ಅವ್ವನ ತವರು ರಾಮದುರ್ಗದ ಕಡೆ, ಮಲಪ್ರಭಾ ದಂಡಿಯ ಊರು. ಅವ್ವ ಮದಿವಿಯಾಗಿ ಬರುವಾಗ ತವರಿನವರು ಬಳುವಳಿಯಾಗಿ ಒಂದು ಕಿಲಾರಿ ಕರ ಕೊಟ್ಟಿದ್ದರು. ಅದರ ಮಗಳು, ಅದರ ಮಗಳು ಅಂತ ಹೆಣ್ಣಿನಿಂದ ಹೆಣ್ಣಿಗೆ ನಮ್ಮ ಕೊಟಗ್ಯಾಗ ಆ ಸಂತಾನ ಬಂದೈತಿ. ಕೊನೆಯದು ಗೌರಿ. ಹಾಲು ದಿನಕ್ಕ ಒಂದೂವರಿ, ಎರಡು ಲೀಟರ್ ಅಷ್ಟ. ಆದ್ರ ಗೌರಿಯ ಹೋರಿಗಳು ಅಂದ್ರ ಗಳೇದಾಗ ನಿಂತ ಮಾತಿಲ್ಲ. ನಮ್ಮೂರಿನ ಕಮಲನಾರಾಯಣ ಗುಡಿ ನೋಡಾಕ ಬಂದ ಮಂದಿ, ಗುಡಿಯ ಮುಂದೆ ಹಾಯುವ ನಮ್ಮ ಎತ್ತಿನ ಫೋಟೋ ತಕ್ಕೊಂಡು ಹೋಗತಿದ್ದರು.

ನಾ ಹೊಲಾ ನೋಡಾಕ ಶುರು ಮಾಡಿದ ಮ್ಯಾಲೆ ಹಾಲಿನ ಆಸೆಗೆ ಗೌರಿಗೆ ಒಂದ ಸಲ ಎಚ್‌ಎಫ್ ಸೆಮನ್ ಹಾಕಿಸಿದೆ. ಹುಟ್ಟಿದ್ದು ರಾಣಿ. ಕರಿ ಬಿಳಿ ಬಣ್ಣ, ಡುಬ್ಬ ಇದ್ದೂ ಇಲ್ಲದಂಗ. ದಿನಕ್ಕ ಒಂಬತ್ತು ಲೀಟರ್ ಕೊಡತಾಳ, ಮಕ್ಕಳ ಫೀ ಆಕೀನ ಕಟ್ಟತಾಳ. ಆದ್ರ ಅವ್ವ ಆಕೀನ್ನ ಇವತ್ತಿಗೂ ಹೆಸರು ಹಿಡಿದು ಕರಿಯೂದಿಲ್ಲ. "ಆ ಜರ್ಸಿ" ಅಂತಾಳ. ಎಚ್‌ಎಫ್ ಬ್ಯಾರೆ, ಜರ್ಸಿ ಬ್ಯಾರೆ ಅಂತ ನಾ ಎಷ್ಟ ಹೇಳಿದ್ರೂ ಅಷ್ಟ. "ನನ್ನ ತವರಿನ ದನಾ ಕೆಡಿಸಿದಿ" ಅನ್ನೂದು ಅವ್ವನ ಮಾತು.

ಆ ಮಾತು ಚುಚ್ಚಿತ್ತು. ಅದಕ್ಕ 2021ರ ಶ್ರಾವಣದಾಗ ಗೌರಿಗೆ ಹುಡುಕಿ ಹುಡುಕಿ ಕಿಲಾರಿ ಸೆಮನ್ನೇ ಹಾಕಿಸಿದೆ. 2022ರ ಬಸವ ಜಯಂತಿ ಆಗಿ ಒಂದ ವಾರಕ್ಕ ಗೌರಿ ಈಯಿತು. ಒಂದಲ್ಲ, ಎರಡು! ಮೊದಲು ಹೋರಿಕರ, ಅರ್ಧಾ ತಾಸಿಗೆ ಹೆಣ್ಣಕರ. ಓಣಿ ಮಂದಿ ಎಲ್ಲಾ ನೋಡಾಕ ಬಂದರು. ಗಿಣ್ಣಾ ಹಂಚಿದೆವು. ಆಕಳು ಜೋಡಿ ಹಾಕೂದು ಅಪರೂಪ ಅಲ್ರಿ, ನೂರು ಈಯುವಿಕೆಯಾಗ ಒಂದೋ ಎರಡೋ. ನಮ್ಮ ನಾಡದನದಾಗ ಅದಕ್ಕಿಂತಾ ಕಡಿಮಿ.

ಎಲ್ಲಾರೂ ನಗತಿದ್ದಾಗ ಅವ್ವ ಒಬ್ಬಾಕೀನ ಹೆಣ್ಣಕರದ ಬೆನ್ನ ಮ್ಯಾಲೆ ಕೈಯಾಡಿಸಿ, "ಇದು ಈಯೂದಿಲ್ಲೋ ತಮ್ಮಾ" ಅಂದಳು.

"ಯಾಕಬೇ?"

"ಗಂಡಿನ ಜೋಡಿ ಹುಟ್ಟಿದ ಹೆಣ್ಣು ಈಯೂದಿಲ್ಲ. ತವರಮನ್ಯಾಗ ನೋಡೀನಿ. ಹೊಟ್ಟ್ಯಾಗ ಇದ್ದಾಗ ತನ್ನ ಮಡಿಲಾ ಅಣ್ಣಗ ಕೊಟ್ಟ ಬಂದಿರತೈತಿ."

ನಾ ನಕ್ಕಬಿಟ್ಟೆ. ಜೋಡಿ ಬಾಳಿಹಣ್ಣು ತಿಂದ್ರ ಜೋಡಿ ಮಕ್ಕಳಾಗತಾವ ಅನ್ನಾಕೀನೂ ನಮ್ಮ ಅವ್ವನ. ಅದನ್ನೂ ಇದನ್ನೂ ಒಂದ ಗಂಟ ಕಟ್ಟಿ ಅಟ್ಟದ ಮ್ಯಾಲೆ ಒಗೆದೆ. ಹಳೇ ಮಂದಿ ಮಾತನ್ನ ಒಂದೊಂದಾಗಿ ತೂಗಿ ನೋಡಬೇಕು, ಗಂಟಿನ ಲೆಕ್ಕದಾಗ ಒಗಿಬಾರದು ಅನ್ನೂದು ಆಮ್ಯಾಲೆ ತಿಳೀತು.

ಅದೇ ವರ್ಷ ದಸರಾ ಆಗಿ ಚರ್ಮಗಂಟು ರೋಗ ಬಂತು. ನೆನಪೈತಲ್ರಿ? ಊರೂರಾಗ ದನಾ ಬಿದ್ದವು. ಗೌರಿ ಮೈ ತುಂಬ ಗಂಟು, ಕಾಲು ಬಾತು, ಹತ್ತು ದಿನ ಮೇವು ಮುಟ್ಟಲಿಲ್ಲ. ಬಸುರಾದಾಗ ಅವ್ವ ಮಲಗಿದ್ದ ಹಾಸಿಗಿ ತಂದು ಕೊಟಗ್ಯಾಗ ಹಾಸಿದ್ದಳು. ಉಳೀಲಿಲ್ಲ. ಐದು ತಿಂಗಳ ಜೋಡಿ ಕರ ಉಳಿದವು. ಹೋರಿಗೆ ಸೋಮ, ಹೆಣ್ಣಿಗೆ ಗಂಗಿ ಅಂತ ಮಕ್ಕಳು ಹೆಸರಿಟ್ಟಿದ್ದರು. ಗಂಗೀನ ಮುಂದಿನ ಗೌರಿ ಅಂತ ನಾ ಲೆಕ್ಕಾ ಹಾಕಿದೆ. ಅವ್ವನ ಮಾತು ಮರತೇಬಿಟ್ಟಿದ್ದೆ.

ಗಂಗಿ ಎರಡು ವರ್ಷ ದಾಟಿತು, ಬೆದಿ ಇಲ್ಲ. ಕಿಲಾರಿ ಅಲ್ಲಾ, ತಡಾ ಆಗತೈತಿ ಅಂದೆ. ಮೂರು ದಾಟಿತು. ಮೊಳಕಿ ಕಾಳು ತಿನಿಸಿದೆ. ಖನಿಜ ಮಿಶ್ರಣ ಹಾಕಿದೆ. ಜಂತಿನ ಔಷಧ ಕುಡಿಸಿದೆ. ಒಬ್ಬರು ಬಂದು ಬೆದಿಗಿ ಬರೂ ಸೂಜಿ ಅಂತ ಎರಡು ಸಲ ಚುಚ್ಚಿ ಹೋದರು, ಒಳಗ ಕೈ ಹಾಕಿ ನೋಡಲೇ ಇಲ್ಲ. ರೊಕ್ಕಾ ಹೋತು, ವರ್ಷಾನೂ ಹೋತು. ಅಷ್ಟರಾಗ ಓಣ್ಯಾಗ "ನಿಮ್ಮ ಗೊಡ್ಡ ಮಣಕ ಹೆಂಗೈತಿ?" ಅಂತ ಕೇಳಾಕ ಶುರು ಮಾಡಿದ್ದರು. ಆ ಮಾತು ಬಂದಾಗೆಲ್ಲಾ ನನ್ನ ಹೆಂಡತಿ ಒಳಗ ಎದ್ದು ಹೋಗತಿದ್ದಳು. ಆಕಿ ತಂಗಿ ಮದಿವಿಯಾಗಿ ಒಂಬತ್ತು ವರ್ಷ ಆ ಶಬ್ದಾ ಕೇಳಿಸ್ಕೊಂಡಾಕಿ.

ಹೋದ ದೀಪಾವಳಿ ಆದಮ್ಯಾಲೆ ರಾಣಿಗೆ ಕೆಚ್ಚಲ ಬಾತಿತ್ತು ಅಂತ ಹೊಸದಾಗಿ ಬಂದ ದನದ ಡಾಕ್ಟರನ್ನ ಕರೆಸಿದ್ದೆ. ಹೋಗೂ ಹೊತ್ತಿಗೆ ಗಂಗೀನ ತೋರಿಸಿದೆ. ಅವರು ಮೊದಲು ಹಿಂದ ನಿಂತು ಸುಮ್ಮನ ನೋಡಿದರು. ಸಣ್ಣ ಸಣ್ಣ ಮೊಲಿ, ಮೂತ್ರದ್ವಾರದ ಕೆಳಗ ಉದ್ದ ಕೂದಲಿನ ಗೊಂಚಲು. ಆಮ್ಯಾಲೆ ಕೈಚೀಲ ಹಾಕಿಕೊಂಡು ಒಳಗ ತಪಾಸಣೆ ಮಾಡಿದರು. ಒಂದ ನಿಮಿಷಾನೂ ಆಗಲಿಲ್ಲ, ಕೈ ತಗೆದು ಕೇಳಿದರು:

"ಇದು ಜೋಡಿ ಹುಟ್ಟಿತ್ತೇನ್ರಿ? ಇನ್ನೊಂದು ಹೋರಿ ಇತ್ತೇನು?"

ನನ್ನ ಎದಿ ಧಸಕ್ಕಂತು. ಮೂರೂವರಿ ವರ್ಷದ ಹಿಂದಿನ ಅವ್ವನ ಕೈ ಕಣ್ಣ ಮುಂದೆ ಬಂತು. ಒಳಗ ಗರ್ಭಕೋಶ ಅನ್ನೂದು ದಾರದಂಗ ಐತಿ, ಬೆಳದೇ ಇಲ್ಲ, ಇದಕ್ಕ ಯಾವ ಸೂಜೀನೂ ಹತ್ತೂದಿಲ್ಲ ಅಂದರು. ಇಂಥಾ ಮಣಕಕ್ಕ ಇಂಗ್ಲಿಷಿನ್ಯಾಗ ಫ್ರೀಮಾರ್ಟಿನ್ ಅಂತಾರಂತ. ಗಂಡಿನ ಜೋಡಿ ಹುಟ್ಟಿದ ಹೆಣ್ಣಕರ ನೂರಾಗ ತೊಂಬತ್ತಕ್ಕಿಂತ ಹೆಚ್ಚು ಹಿಂಗೇ ಆಗತಾವ.

"ಅವ್ವಾರು ಹೇಳಿದ್ದು ಖರೇ ಐತ್ರಿ" ಅಂದರು ಡಾಕ್ಟರು. ಅವ್ವ ಏನೂ ಅನಲಿಲ್ಲ. ಗಂಗಿಯ ಕೊರಳಾಗ ಕೈ ಹಾಕಿಕೊಂಡು ನಿಂತಿದ್ದಳು.

ಅವತ್ತು ರಾತ್ರಿ ಡಾಕ್ಟರು ಫೋನಿನ್ಯಾಗ ಅರ್ಧಾ ತಾಸು ತಿಳಿಸಿ ಹೇಳಿದರು. ನನ್ನ ದೊಡ್ಡ ಮಗಳು ಹತ್ತನೇತ್ತೆ ಇದ್ದಾಳ, ಆಕಿ ವಿಜ್ಞಾನ ಪುಸ್ತಕದಾಗ ಅನುವಂಶೀಯತೆಯ ಪಾಠ ಐತಿ. ಅವೆರಡೂ ಸೇರಿಸಿ ನನಗ ತಿಳಿದದ್ದನ್ನ ನಮ್ಮ ಭಾಷೆಯಾಗ ಹೇಳತೀನಿ.

ಮೊದಲು, ಗಂಡೋ ಹೆಣ್ಣೋ ಅನ್ನೂದು ಹೆಂಗ ಠರತೈತಿ? ದನದ ಮೈಯ ಒಂದೊಂದು ಕಣದಾಗೂ 60 ವರ್ಣತಂತು, ಅಂದ್ರ 30 ಜೋಡಿ ಅದಾವ. ತಾಯಿ, ತಂದಿ ಗುಣಾ ಬರೆದಿಟ್ಟ ಖಾತೆ ಪುಸ್ತಕ ಅಂತ ತಿಳೀರಿ. ಒಂದ ಜೋಡಿ ಮಾತ್ರ ಗಂಡು ಹೆಣ್ಣಿಗೆ ಸಂಬಂಧಿಸಿದ್ದು. ಆಕಳಲ್ಲಿ ಎರಡೂ ಎಕ್ಸ್. ಹೋರಿಯಲ್ಲಿ ಒಂದು ಎಕ್ಸ್, ಒಂದು ವೈ. ಆಕಳು ಯಾವಾಗಲೂ ಎಕ್ಸ್ ಅನ್ನೇ ಕೊಡತೈತಿ, ಕೊಡಾಕ ಬ್ಯಾರೆ ಇಲ್ಲ. ಹೋರಿ ಎಕ್ಸ್ ಕೊಟ್ಟರ ಹೆಣ್ಣು, ವೈ ಕೊಟ್ಟರ ಗಂಡು. ಅಂದ್ರ ಠರಾಯಿಸೂದು ಹೋರಿಯ ಬೀಜ, ಆಕಳಲ್ಲ. ಈಗ ಹೆಣ್ಣಕರಾನ ಹುಟ್ಟೂ ಸೆಮನ್ ಅಂತ ಬಂದೈತಲ್ಲ, ಅದು ವೈ ಇರೂ ಬೀಜಾ ಬ್ಯಾರೆ ಮಾಡಿ ತಗೆದ ಸೆಮನ್.

ಮಗಳು ಇದನ್ನ ಗಟ್ಟಿಯಾಗಿ ಓದಿ ಹೇಳುವಾಗ, "ಮನುಷ್ಯಾರಿಗೂ ಹಿಂಗೇ ಆಯಿ" ಅಂದಳು. ಅವ್ವ ಅಕ್ಕಿ ಹಸನ ಮಾಡತಿದ್ದಾಕಿ ಕೈ ನಿಲ್ಲಿಸಿದಳು. ನನಗ ಮೂವರು ಅಕ್ಕಗೋಳು. ಸಾಲಾಗಿ ಮೂರು ಹೆಣ್ಣು ಹಡದಾಗ ಅವ್ವ ಈ ಮನ್ಯಾಗ ಏನೇನ ಕೇಳಿಸ್ಕೊಂಡಳು ಅನ್ನೂದು ನಮಗ ಅಷ್ಟಿಷ್ಟು ಗೊತ್ತು. ಸ್ವಲ್ಪ ಹೊತ್ತಾದ ಮ್ಯಾಲೆ, "ಹಂಗಾದ್ರ ಅದು ನಿಮ್ಮ ಅಜ್ಜಂದ ಬೀಜಾ" ಅಂದಳು. ಮತ್ತ ನಕ್ಕಳು. ಆದ್ರ ಬಾಳ ಹೊತ್ತು ನಗಲಿಲ್ಲ.

ಇನ್ನ ಜೋಡಿ ಕರದ ವಿಷಯ. ಗಂಗಿ, ಸೋಮ ಇಬ್ಬರೂ ಬ್ಯಾರೆ ಬ್ಯಾರೆ ತತ್ತಿಯಿಂದ ಆದವರು. ಗಂಗಿ ಮೂಲತಃ ಪೂರಾ ಹೆಣ್ಣ. ಕೆಟ್ಟಿದ್ದು ಹೊಟ್ಟ್ಯಾಗ. ಗಬ್ಬಾಗಿ ಸುಮಾರು ಒಂದ ತಿಂಗಳಿಗೆ ಎರಡೂ ಕರದ ಮಾಸು ಒಂದಕ್ಕೊಂದು ಅಂಟಿ, ರಕ್ತನಾಳ ಕೂಡಿಬಿಡತಾವ. ಅವನ ರಕ್ತ ಇವಳಿಗೆ, ಇವಳ ರಕ್ತ ಅವನಿಗೆ. 40 ದಿನದ ಸುಮಾರಿಗೆ ಗಂಡಿನ ವೃಷಣ ಬೆಳೆಯಾಕ ಶುರು ಆಗತೈತಿ, ಹೆಣ್ಣಿನ ಅಂಡಾಶಯ ಇನ್ನೂ ಹಿಂದ ಇರತೈತಿ. ಆ ವೃಷಣ ಒಂದ ಹಾರ್ಮೋನ್ ಬಿಡತೈತಿ. ಅದರ ಕೆಲಸ ಏನಂದ್ರ, ಗಂಡಿನ ಮೈಯಾಗ ಗರ್ಭಕೋಶ ಬೆಳೀಬಾರದು ಅಂತ ತಡಿಯೂದು. ಗಂಡಿಗೆ ಅದು ಬೇಕು. ಆದ್ರ ರಕ್ತ ಕೂಡಿದ್ದಕ್ಕ ಅದು ತಂಗಿಯ ಮೈಗೂ ಹರೀತೈತಿ, ಅಲ್ಲಿ ಬೆಳೆಯಬೇಕಾದ ಗರ್ಭಕೋಶಾನೂ ನಿಲ್ಲಿಸಿಬಿಡತೈತಿ.

ನಮಗ ಇದು ಹೊಸದಲ್ಲ, ನೋಡ್ರಿ. ಬಾಜೂ ಹೊಲದಾಂವ ಗೋವಿನಜೋಳದಾಗ ಕಸಕ್ಕ 2,4-ಡಿ ಹೊಡೀತಾನ. ಅವನ ಜೋಳಕ್ಕ ಏನೂ ಆಗೂದಿಲ್ಲ. ಗಾಳಿಗೆ ಹಾರಿ ನಮ್ಮ ಹತ್ತಿಗೆ ಒಂಚೂರು ತಾಗಿದ್ರ ಸಾಕು, ಎಲಿ ಬೆಂಡಿ ಎಲಿಯಂಗ ಸೀಳಿ, ಮುದುರಿ, ಗಿಡಾ ಕೆಡತೈತಿ. ಹೊಡೆದಾಂವಗ ನಮ್ಮ ಮ್ಯಾಲೆ ಸಿಟ್ಟಿಲ್ಲ. ಹತ್ತಿ ಬೀಜದಾಗೂ ದೋಷ ಇಲ್ಲ. ಒಬ್ಬನ ಬೆಳಿಗೆ ಸರಿಯಾದದ್ದು ಇನ್ನೊಬ್ಬನ ಬೆಳಿಗೆ ವಿಷ ಆತು, ಅದೂ ಎಳೀ ಹೊತ್ತಿನ್ಯಾಗ. ಗಂಗೀದೂ ಅಷ್ಟ.

ಈ ರಕ್ತನಾಳದ ಗುಟ್ಟನ್ನ 1916ರ ಹೊತ್ತಿಗೆ ಅಮೆರಿಕದ ಫ್ರಾಂಕ್ ಲಿಲ್ಲಿ ಅನ್ನೂ ವಿಜ್ಞಾನಿ ಬಿಡಿಸಿ ಹೇಳಿದರು. ಆಮ್ಯಾಲೆ 1945ರಾಗ ರೇ ಓವೆನ್ ಅನ್ನಾವರು ಜೋಡಿ ಕರದ ರಕ್ತ ಪರೀಕ್ಷೆ ಮಾಡಿ ನೋಡಿದರ, ದೊಡ್ಡವಾದ ಮ್ಯಾಲೂ ಒಂದರ ಮೈಯಾಗ ಇನ್ನೊಂದರ ರಕ್ತಕಣ ಬದುಕಿದ್ದವು! ಪರರ ರಕ್ತಕಣವನ್ನ ಮೈ ವೈರಿ ಅಂತ ಹೊಡೆದು ಹಾಕಬೇಕಿತ್ತು, ಹಾಕಿರಲಿಲ್ಲ. ಹೊಟ್ಟ್ಯಾಗ ಇದ್ದಾಗ ಪರಿಚಯ ಆದದ್ದನ್ನ ಮೈ ತನ್ನದೇ ಅಂತ ತಿಳೀತೈತಿ. ಇಂಗ್ಲೆಂಡಿನ ಮೆಡಾವರ್ ಮತ್ತ ಅವರ ಸಂಗಡಿಗರು ಜೋಡಿ ಕರದಾಗ ಒಂದರ ಚರ್ಮ ಇನ್ನೊಂದಕ್ಕ ಹಚ್ಚಿದರು, ಹತ್ತಿಕೊಂಡಿತು. ಇದನ್ನ ಮುಂದ ಇಲಿಯಾಗೂ ಮಾಡಿ ತೋರಿಸಿ, ಮೆಡಾವರ್ ಅವರು ಆಸ್ಟ್ರೇಲಿಯಾದ ಬರ್ನೆಟ್ ಜೊತಿ 1960ರಾಗ ನೊಬೆಲ್ ಪ್ರಶಸ್ತಿ ಪಡೆದರು. ಇವತ್ತು ಒಬ್ಬರ ಕಿಡ್ನಿ ಇನ್ನೊಬ್ಬರಿಗೆ ಹಾಕೂ ವಿದ್ಯೆಯ ಹಿಂದ ಇರೂ ತಿಳುವಳಿಕೆಯಾಗ ಇಂಥಾ ಗೊಡ್ಡ ಮಣಕಗಳ ಪಾಲೂ ಐತಿ. ಸೋಮನ ಒಂದ ಹನಿ ರಕ್ತದಾಗ ಇವತ್ತೂ ಗಂಗಿಯ ಕಣ ಇರಬಹುದು, ಗಂಗಿ ರಕ್ತದಾಗ ಸೋಮನವು. "ಮಡಿಲಾ ಅಣ್ಣಗ ಕೊಟ್ಟ ಬಂದಾಳ" ಅಂದಿದ್ದಳಲ್ಲ ಅವ್ವ, ಕೊಡು ಕೊಳ್ಳೂದು ಆದದ್ದು ಖರೇನ ಐತಿ.

ಈಗ ಕೆಲಸಕ್ಕ ಬರೂ ಮಾತು. ನಿಮ್ಮ ಮನ್ಯಾಗ ಜೋಡಿ ಕರ ಹುಟ್ಟಿದ್ರ ಇಷ್ಟು ನೆನಪಿಡ್ರಿ.

ಎರಡೂ ಹೆಣ್ಣಾದ್ರ ಚಿಂತಿ ಇಲ್ಲ. ಎರಡೂ ಹೋರಿ ಆದ್ರೂ ಇಲ್ಲ. ಒಂದ ಗಂಡು ಒಂದ ಹೆಣ್ಣಾದ್ರ ಮಾತ್ರ ಹೆಣ್ಣಕರದ ಬಗ್ಗೆ ಎಚ್ಚರ.

ಮೂರು ವರ್ಷ ಕಾಯಬ್ಯಾಡ್ರಿ. ಎರಡು ಮೂರು ವಾರದ ಕರ ಇದ್ದಾಗಲೇ ಡಾಕ್ಟರಿಗೆ ತೋರಿಸ್ರಿ. ನುಣುಪಾದ ಮೊಂಡ ತುದಿಯ ನಳಿಗಿಗೆ ಎಣ್ಣಿ ಹಚ್ಚಿ ಯೋನಿಮಾರ್ಗದ ಉದ್ದ ಅಳೀತಾರ. ಸರಿಯಿದ್ದ ಕರದಾಗ ಅದು 12 ರಿಂದ 15 ಸೆಂಟಿಮೀಟರ್ ಒಳಗ ಹೋಗತೈತಿ, ಗಂಗಿಯಂಥಾದ್ರಾಗ 5 ರಿಂದ 8ಕ್ಕ ನಿಲ್ಲತೈತಿ. ಇದನ್ನ ನೀವ ಮನ್ಯಾಗ ಮಾಡಾಕ ಹೋಗಬ್ಯಾಡ್ರಿ, ಎಳೇ ಮೈ, ಗಾಯ ಆಗತೈತಿ. ಸಂಶಯ ಉಳಿದ್ರ ರಕ್ತ ಪರೀಕ್ಷೆ ಐತಿ. ಹೆಣ್ಣಿನ ರಕ್ತದಾಗ ವೈ ಸಿಕ್ಕರ ಮಾತು ಮುಗೀತು.

ನೂರಾಗ ಐದೋ ಎಂಟೋ ಹೆಣ್ಣಕರಕ್ಕ ರಕ್ತನಾಳ ಕೂಡಿರೂದಿಲ್ಲ, ಅವು ಸರಿಯಾಗಿ ಗಬ್ಬ ಆಗತಾವ. ಅದಕ್ಕ ಪರೀಕ್ಷೆ ಇಲ್ಲದ ಕಳಿಸಿಬಿಡೂದೂ ತಪ್ಪ.

ಆಡು ಕುರಿಯಾಗ ಈ ಹೆದರಿಕಿ ಇಲ್ಲ ಅಂದ್ರೂ ನಡೀತೈತಿ. ಅವು ಎಷ್ಟೋ ಸಲ ಎರಡು ಮೂರು ಹಾಕತಾವ, ಆದ್ರ ಅವುಗಳ ರಕ್ತನಾಳ ಕೂಡೂದು ಬಾಳ ಅಪರೂಪ. ಮನುಷ್ಯಾರ ಅವಳಿ ಜವಳಿಗೂ ಈ ಮಾತು ಹತ್ತೂದಿಲ್ಲ. ದಯಮಾಡಿ ಯಾರೂ ಮನಿ ಹೆಣ್ಣಮಕ್ಕಳಿಗೆ ಇದನ್ನ ಹಚ್ಚಿ ಮಾತಾಡಬ್ಯಾಡ್ರಿ.

ಇನ್ನೊಂದು: ಒಂದೇ ಹುಟ್ಟಿದ ಮಣಕಾನೂ ಒಮ್ಮೊಮ್ಮೆ ಹಿಂಗ ಇರತೈತಿ. ಜೋಡಿಯಾಗಿದ್ದ ಗಂಡು ರಕ್ತ ಕೂಡಿದ ಮ್ಯಾಲೆ ಹೊಟ್ಟ್ಯಾಗ ಸತ್ತು ಕರಗಿದ್ರ ನಮಗ ಗೊತ್ತೇ ಆಗೂದಿಲ್ಲ. ಅದಕ್ಕ ಬೆದಿಗಿ ಬರದ ಮಣಕಕ್ಕ ಮೊದಲು ಒಳಗಿನ ತಪಾಸಣೆ, ಆಮ್ಯಾಲೆ ಸೂಜಿ. ನಾ ಇದನ್ನ ತಿರುವಿ ಮಾಡಿದೆ.

ಡಾಕ್ಟರು ಅವತ್ತು ಹೋಗುವಾಗ ಕೇಳಿದ ಇನ್ನೊಂದ ಮಾತು, "ಹೋರಿ ಎಲ್ಲೈತಿ?"

ಸೋಮನ್ನ ತಮ್ಮನ ಹೊಲದಾಗ ಕಟ್ಟಿದ್ದೆವು. ಸುಗ್ಗಿ ಮುಗಿದ ಮ್ಯಾಲೆ ಬೀಜಾ ಒಡಸಿ ಗಳೇಕ್ಕ ಹೂಡೂದು ಅಂತ ತಮ್ಮ ಠರಾಯಿಸಿದ್ದ. ಒಡಸಿದ್ದರ ಗೌರಿದು ಅನ್ನೂದು ಆ ಕಡೆಯಿಂದಾನೂ ಮುಗೀತಿತ್ತು. ಅವತ್ತೇ ಸಂಜಿಕಿ ಹೋಗಿ ತಡಿದೆ. ಜೋಡಿ ಹುಟ್ಟಿದ ಹೋರಿ ಸಾಮಾನ್ಯವಾಗಿ ಬೀಜಕ್ಕ ಬರತೈತಿ, ಆದ್ರೂ ವೀರ್ಯ ಪರೀಕ್ಷೆ ಮಾಡಿಸಿ ಬಿಡ್ರಿ ಅಂದಾರ ಡಾಕ್ಟರು.

ಇಲ್ಲಿ ಆಣೆ ಲೆಕ್ಕ ಬರತೈತಿ. ಹಳೇ ರೂಪಾಯಿಗೆ 16 ಆಣೆ. ಗೌರಿ ಹದಿನಾರಾಣೆ ಗೌರಿ. ಕರಕ್ಕ ತಾಯಿಯಿಂದ ಎಂಟಾಣೆ, ತಂದಿಯಿಂದ ಎಂಟಾಣೆ. ಹಂಗಾದ್ರ ಸೋಮನಲ್ಲಿ ಗೌರಿ ಎಂಟಾಣೆ, ಅವನ ಕರದಾಗ ನಾಲ್ಕಾಣೆ, ಮೊಮ್ಮಕ್ಕಳಾಗ ಎರಡಾಣೆ. ಹಂಗಂತ ಅವನ್ನ ಊರ ತುಂಬ ಬಿಟ್ಟು, ಅವನ ಮಗಳಿಗೂ ಅವನನ್ನೇ ಬಿಡೂದು ತಪ್ಪ. ನಮ್ಮ ಊರುಗಳಾಗ ಆಗೂ ದೊಡ್ಡ ತಪ್ಪ ಇದಾ. ಊರಿಗೆ ಒಂದ ಹೋರಿ, ಅದು ಎಂಟು ಹತ್ತು ವರ್ಷ ಇರತೈತಿ, ಮಗಳು ಮಣಕಾಗಿ ಮತ್ತ ತಂದೀ ಹಂತೇಕನ ಬರತೈತಿ. ಆಗ ಹುಟ್ಟೂ ಕರದಾಗ ನಾಲ್ಕಾಣೆ ಭಾಗದಷ್ಟು ಗುಣ ಎರಡೂ ಕಡೆಯಿಂದ ಒಂದೇ ಆಗಿ ಕೂಡತಾವ. ಒಂಟಿಯಾಗಿ ಮುಚ್ಚಿಕೊಂಡಿದ್ದ ಕೆಟ್ಟ ಗುಣಗಳು ಜೋಡಿಯಾದಾಗ ಹೊರಗ ಬರತಾವ. ಕರ ಸಣ್ಣಾಗೂದು, ಗಬ್ಬ ನಿಲ್ಲದಿರೂದು, ರೋಗಕ್ಕ ಬೇಗ ಬೀಳೂದು. ಆಮ್ಯಾಲೆ "ನಾಡದನಾ ಕೆಲಸಕ್ಕ ಬರೂದಿಲ್ಲ" ಅಂತೀವಿ. ಕೆಡಿಸಿದ್ದು ನಾವು. ಸಂಬಂಧ ಮಾಡುವಾಗ ಬೆಡಗು ಕೇಳತೀವಿ, ದನಕ್ಕ ಕೇಳೂದಿಲ್ಲ. ಎರಡೂವರಿ ಮೂರು ವರ್ಷಕ್ಕೊಮ್ಮೆ ಹೋರಿಯನ್ನ ಊರಿಂದ ಊರಿಗೆ ಅದಲು ಬದಲು ಮಾಡಿಕೊಂಡ್ರ ಈ ಕಷ್ಟ ಇಲ್ಲ.

ಇನ್ನ ಹೆಣ್ಣಿನ ಕಡೆ. ಗಂಗಿ ಆಗೂದಿಲ್ಲ, ಗೌರಿ ಇಲ್ಲ, ಅವ್ವನ ತವರಿನ ದನಾ ಮುಗೀತು ಅಂತ ನಾ ಕೂತಿದ್ದೆ. ಮಗಳು ಪುಸ್ತಕ ಮುಚ್ಚಿ, "ಅಪ್ಪಾ, ರಾಣಿ ಯಾರ ಮಗಳು?" ಅಂದಳು.

ನೋಡ್ರಿ, ಎದುರಿಗೆ ಕಟ್ಟಿದ ಆಕಳು! ರಾಣಿಯಾಗೂ ಗೌರಿ ಎಂಟಾಣೆ ಐತಿ. ಬಣ್ಣಾ ನೋಡಿ ನಾವು ಆಕೀನ ಲೆಕ್ಕಕ್ಕ ಹಿಡದಿರಲಿಲ್ಲ. ಮ್ಯಾಲೆ ಇನ್ನೊಂದೈತಿ. ಕಣದೊಳಗ ಮೈಟೋಕಾಂಡ್ರಿಯ ಅಂತ ಇರತಾವ, ಮೈಗೆ ಶಕ್ತಿ ಕೊಡೂ ಒಲಿ ಇದ್ದಂಗ. ಅವಕ್ಕ ತಮ್ಮದ ಒಂದ ಸಣ್ಣ ಖಾತೆ ಪುಸ್ತಕ ಐತಿ. ಅದು ತಾಯಿಯಿಂದ ಮಾತ್ರ ಬರತೈತಿ, ತಂದೀದು ಬರೂದಿಲ್ಲ. ಸೋಮನಲ್ಲೂ ಐತಿ, ಆದ್ರ ಅವನ ಮಕ್ಕಳಿಗೆ ಹೋಗೂದಿಲ್ಲ. ರಾಣಿಯಿಂದ ರಾಣಿ ಮಗಳಿಗೆ ಹೋಗತೈತಿ. ಅವ್ವ ಬಳುವಳಿ ತಂದ ಕರದಿಂದ ಹೆಣ್ಣಿನಿಂದ ಹೆಣ್ಣಿಗೆ ಬಂದ ಒಲಿ ಆ "ಜರ್ಸಿ" ಹೊಟ್ಟ್ಯಾಗ ಇನ್ನೂ ಆರಿಲ್ಲ.

ಡುಬ್ಬದ ದನ, ಡುಬ್ಬ ಇಲ್ಲದ ಪರದೇಶದ ದನ, ಎರಡಕ್ಕೂ ಪುಸ್ತಕದಾಗ ಬ್ಯಾರೆ ಹೆಸರು. ಆದ್ರ ಎರಡರಾಗೂ ವರ್ಣತಂತು 60, ಕೂಡಿದ್ರ ಕರ ಆಗತೈತಿ, ಆ ಕರಾನೂ ಗಬ್ಬ ಆಗತೈತಿ. ಎಮ್ಮಿಗೆ 50, ಆಕಳಿಗೂ ಎಮ್ಮಿಗೂ ಎಷ್ಟ ವರ್ಷ ಒಂದೇ ಗ್ವಾದಲಿಯಾಗ ಕಟ್ಟಿದ್ರೂ ಸಂತಾನ ಇಲ್ಲ. ಖಾನಾಪುರದ ಅಡವಿಯಾಗಿನ ಕಾಡಕ್ವಾಣಕ್ಕ ನಾವು ಕ್ವಾಣ ಅಂತೀವಿ, ಆದ್ರ ಅದು ಎಮ್ಮಿ ಕಡೆಯದಲ್ಲ, ಆಕಳ ಬಳಗದ್ದು. ಕುದರಿಗೆ 64, ಕತ್ತಿಗೆ 62, ಹುಟ್ಟೂ ಹೇಸರಗತ್ತಿಗೆ 63. ಜೋಡಿ ಆಗದ್ದಕ್ಕ ಅದು ಗೊಡ್ಡು. ಹೆಸರು, ಬಣ್ಣ ನೋಡಿ ಬಳಗ ಹೇಳಾಕ ಬರೂದಿಲ್ಲ.

ಹಂಗಾದ್ರ ದಾರಿ ಏನು? ರಾಣಿಗೆ ಕಿಲಾರಿ ಸೆಮನ್ ಹಾಕಿಸಿದ್ರ ಕರ ಹನ್ನೆರಡಾಣೆ ಕಿಲಾರಿ. ಅದರ ಮಗಳಿಗೆ ಹಾಕಿಸಿದ್ರ ಹದಿನಾಲ್ಕಾಣೆ, ಅದರ ಮಗಳು ಹದಿನೈದಾಣೆ. ಸೋಮನ್ನ ರಾಣಿಗೆ ಬಿಡಾಕ ಬರೂದಿಲ್ಲ, ಒಂದೇ ತಾಯಿ ಮಕ್ಕಳು. ಹೊರಗಿನ ಹೋರೀನೇ ಬೇಕು. ಆದ್ರ ಒಂದೊಂದು ಹೆಜ್ಜಿಗೂ ಹಾಲು ಇಳೀತೈತಿ. ಒಂಬತ್ತು ಲೀಟರಿನ ಮನಿ ನಾಲ್ಕಕ್ಕ ಬಂದ್ರ ಫೀ ಯಾರು ಕಟ್ಟಬೇಕು? ನಾಡತಳಿ ಉಳಿಸ್ರಿ ಅಂತ ಭಾಷಣ ಮಾಡೂದು ಸಸಾರ, ಮೇವಿನ ಲೆಕ್ಕ ಬರಿಯಾಂವಗ ಗೊತ್ತು. ನಮ್ಮ ಇದೇ ಮಲಪ್ರಭಾ, ಘಟಪ್ರಭಾ, ಕೃಷ್ಣಾ ದಂಡಿಯ ಕೃಷ್ಣಾ ವ್ಯಾಲಿ ದನಾ ನೋಡ್ರಿ. ಎರಿ ಮಣ್ಣಾಗ ಎಳಿಯೂ ಆನಿಯಂಥಾ ಎತ್ತು. ಪರದೇಶದವರು ಅದನ್ನ ಒಯ್ದು ತಮ್ಮ ಬ್ರಾಹ್ಮನ್ ತಳಿ ಕಟ್ಟುವಾಗ ಬಳಸಿಕೊಂಡರು. ನಾವು ಟ್ರ್ಯಾಕ್ಟರ್ ಬಂತು ಅಂತ ಬಿಟ್ಟೆವು, ಈಗ ಹುಡುಕಿದ್ರ ಸಿಗೂದು ಕಷ್ಟ ಆಗೈತಿ. ಸೆಮನ್ನನ್ನ ಮೈನಸ್ 196 ಡಿಗ್ರಿ ದ್ರವ ಸಾರಜನಕದಾಗ ಎಷ್ಟೋ ವರ್ಷ ಇಡಬಹುದು ಖರೇ. ಆದ್ರ ಅದು ಹೋರಿ ಕಡೆ ಮಾತ್ರ. ಆಕಳ ಕೊಟಗ್ಯಾಗ ಇದ್ದರನ ಅದಕ್ಕ ಅರ್ಥ.

ನಾವು ಮನ್ಯಾಗ ಕೂತು ಹಿಂಗ ಠರಾಯಿಸೇವಿ. ರಾಣಿಗೆ ಈ ಒಂದ ಸಲ ಕಿಲಾರಿ. ಹೆಣ್ಣಾದ್ರ ಅದನ್ನ ಮುಂದುವರಿಸೂದು, ಗಂಡಾದ್ರ ಗಳೇಕ್ಕ. ಮುಂದಿನ ಸಲ ರಾಣಿಗೆ ಮತ್ತ ಹಾಲಿನ ತಳಿ. ಪೂರಾ ಆ ಕಡೆಯೂ ಅಲ್ಲ, ಪೂರಾ ಈ ಕಡೆಯೂ ಅಲ್ಲ. ನಮ್ಮ ಕೈಲಾದದ್ದು ಇಷ್ಟ. ಮಗಳು ಗ್ವಾದಲಿ ಮ್ಯಾಲಿನ ಗ್ವಾಡಿಗೆ ಒಂದ ಕ್ಯಾಲೆಂಡರ್ ತೂಗು ಹಾಕ್ಯಾಳ. ಬೆದಿ ಬಂದ ದಿನ, 21 ದಿನಕ್ಕ ಮತ್ತ ಬಂತೋ ಇಲ್ಲೋ, ಯಾವ ಹೋರಿಯ ಸೆಮನ್, ಅದರ ನಂಬರ್, 280 ದಿನಕ್ಕ ಈಯೂ ತಾರೀಖು, ಎಲ್ಲಾ ಅದರಾಗ. ಇಂಥಾ ಒಂದ ಕ್ಯಾಲೆಂಡರ್ ಮೊದಲಿಂದ ಇದ್ದಿದ್ರ "ಜೋಡಿ ಹುಟ್ಟಿದ್ದು" ಅನ್ನೂ ಒಂದ ಸಾಲು ನನ್ನ ಕಣ್ಣ ಮುಂದೆ ಇರತಿತ್ತು.

ಇನ್ನ ಸವದತ್ತಿಯವರ ಮಾತು. ಕಿರಿಯಾಂವ "ಗಬ್ಬ ಐತೇನ್ರಿ" ಅಂತ ಕೇಳಿದಾಗ ಅವ್ವ ಕಟ್ಟಿಮ್ಯಾಲೆ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ. ನಾ ಹೇಳಿದೆ, "ಇದು ಗಂಡಿನ ಜೋಡಿ ಹುಟ್ಟಿದ್ದ್ರಿ. ಒಳಗ ಗರ್ಭಕೋಶ ಬೆಳದಿಲ್ಲ. ಆಗೂದೂ ಇಲ್ಲ."

ಹಿರಿಯರು ಬಾಳ ಹೊತ್ತು ಗಂಗೀನ ನೋಡಿದರು. "ನಾ ಮೂರು ವರ್ಷದ ಹಿಂದ ಇಂಥಾದ್ದ ಒಂದ ತಂದಿದ್ದೆ ತಮ್ಮಾ" ಅಂದರು. "ಯಾರೂ ಹೇಳಲಿಲ್ಲ. ನನ್ನ ಮನಿ ವಾಸ್ತು ಸರಿ ಇಲ್ಲ ಅಂತ ಬಾಗಲಾ ಒಡಸಿ ಕೂಡ್ರಿಸಿದೆ." ಚಾ ಕುಡಿದು ಹೋದರು. ಹೋಗುವಾಗ ಸೋಮನ ಮೈ ತಟ್ಟಿ, ತಮ್ಮೂರ ಕಡೆ ಎರಡು ಕಿಲಾರಿ ಆಕಳ ಅದಾವ, ಪರೀಕ್ಷೆ ಆದಮ್ಯಾಲೆ ಹೇಳಿ ಕಳಿಸು ಅಂದಾರ.

ಗಂಗಿ ಮನ್ಯಾಗ ಅದಾಳ. ತಿನ್ನೂದು ತಿಂತಾಳ, ಸಗಣಿ ಗೊಬ್ಬರ ಆಗತೈತಿ, ಖರ್ಚು ಐತಿ, ಇಲ್ಲ ಅನ್ನೂದಿಲ್ಲ. ಓಣ್ಯಾಗ ಈಗ ಆಕೀಗೆ ಯಾರಾದರೂ ಗೊಡ್ಡು ಅಂದ್ರ ನನ್ನ ಹೆಂಡತಿ ಎದ್ದು ಒಳಗ ಹೋಗೂದಿಲ್ಲ. ಕೂಡ್ರಿಸಿ ಮಾಸು, ರಕ್ತನಾಳ ಎಲ್ಲಾ ತಿಳಿಸಿ ಹೇಳತಾಳ. ಅವ್ವ ಮೊನ್ನೆ ಮುಂಜಾನೆ ರಾಣಿಗೆ ನೀರು ಇಡುವಾಗ ಹೆಸರು ಹಿಡಿದು ಕರೆದಳು. ನಾ ಕೇಳಿಸ್ಕೊಂಡಿಲ್ಲ ಅನ್ನೂವಂಗ ಇದ್ದೆ.

ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರ ಕಡೆ ಯಾರ ಹಂತೇಕ ಕಿಲಾರಿ ಆಕಳ ಅದಾವ, ಹೋರಿ ಯಾವುದು, ಎಷ್ಟ ವರ್ಷದಿಂದ ಅದೇ ಐತಿ ಅನ್ನೂದನ್ನ ಕೆಳಗ ಬರೀರಿ. ಹೋರಿ ಅದಲು ಬದಲು ಮಾಡೂದಕ್ಕ ನಾವ ನಾವ ಒಂದ ಯಾದಿ ಮಾಡಿಕೊಳ್ಳೋಣು. ಮತ್ತ ನಿಮ್ಮ ಮನ್ಯಾಗ ಜೋಡಿ ಕರ ಹುಟ್ಟಿದ್ದಿದ್ರ, ಹೆಣ್ಣು ಮುಂದೆ ಏನಾತು ಅನ್ನೂದನ್ನ ತಪ್ಪದ ತಿಳಸ್ರಿ. ಮಾರಿದ್ದರ, ಹೇಳಿ ಮಾರಿದ್ರೋ ಹೇಳದೇ ಮಾರಿದ್ರೋ ಅಂತ ನಾ ಕೇಳೂದಿಲ್ಲ.